ಅಕ್ಕ ಸಾರು ಬಿಟ್ಟ ದಿನಗಳು

ನಮ್ಮ ಮನೆಯ ಹಿಂದಿನ ಸಿಮೆಂಟು ಕಣದ ಒಂದು ಮೂಲೆಯಲ್ಲಿ ಕರುವಿನ ಗೊರಸಿನ ಗುರುತುಗಳಿವೆ. ಆರೋ ಏಳೋ ಇರಬೇಕು. ಕಾಫಿ ಹಣ್ಣು ಒಣಗಲು ಹರಡಿದಾಗ ಆ ಗುಳಿಗಳಲ್ಲಿ ನಾಲ್ಕಾರು ಸಿಕ್ಕಿಕೊಳ್ಳುತ್ತವೆ; ಗುಡಿಸುವವರು ಬಗ್ಗಿ ಬೆರಳಿನಿಂದ ತೆಗೆಯಬೇಕು. ಒಂದು ಬಾಣಲಿ ಸಿಮೆಂಟು ಹಾಕಿ ಮುಚ್ಚಿಸಿ ಎಂದು ಎಷ್ಟೋ ಜನ ಹೇಳಿದರು. ನಾನು ಮುಚ್ಚಿಸಲಿಲ್ಲ. ಯಾಕೆಂದು ಯಾರಿಗೂ ಹೇಳಲಿಲ್ಲ. ವಯಸ್ಸು ಎಪ್ಪತ್ತೈದು ದಾಟಿದೆ, ಇನ್ನು ಹೇಳದೆ ಇಟ್ಟುಕೊಂಡು ಏನು ಮಾಡಲಿ ಎಂದು ಬರೆಯಲು ಕೂತಿದ್ದೇನೆ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಹೊಂಗಡಹಳ್ಳದ ಕಡೆ ಕೊಟ್ಟಿತ್ತು. ಮಕ್ಕಳಾಗಲಿಲ್ಲ. ಭಾವ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವಳಿಗೆ ಉಳಿಯಲು ಕಾರಣವೇ ಇಲ್ಲ ಎಂಬಂತೆ ಅವರು ನಡೆದುಕೊಂಡರು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ದಿನ, ತಗಡಿನ ಟ್ರಂಕು ಹಿಡಿದು ಹೆಗ್ಗದ್ದೆ ಊರಿನ ಮೇಲಿರುವ ನಮ್ಮ ಮನೆಗೆ ಬಂದಳು. ನನಗೆ ಆಗ ನಲವತ್ತರ ಆಸುಪಾಸು. ಮೂರು ಎಕರೆ ಕಾಫಿ, ಸ್ವಲ್ಪ ಗದ್ದೆ. ಮನೆಯಲ್ಲಿ ನಾನು, ನನ್ನ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು.

ಅವಳನ್ನು ಬಿಡಲು ಬಂದಿದ್ದ ನೆಂಟರು ಕಾಫಿ ಕುಡಿದು ಹೋದರು. ಅಕ್ಕ ಜಗಲಿಯ ಕಂಬಕ್ಕೆ ಒರಗಿ ಕೂತು ಕೇಳಿದಳು, "ನಿಂಗೆ ಭಾರ ಆಯ್ತೀನಿ ಅಲ್ವೇನೋ?"

ನಾನು ನಕ್ಕೆ. "ಅನ್ನಕ್ಕೇನಕ್ಕ, ಮನೇಲಿ ಭತ್ತ ಐತೆ. ಸಾರಿಗೆ ಮಾತ್ರ ನೀನೇ ದಾರಿ ನೋಡ್ಕಬೇಕು."

ತಮಾಷೆಗೆ ಹೇಳಿದೆ. ಆ ತಿಂಗಳು ಮನೆಯಲ್ಲಿ ತರಕಾರಿ ಇರಲಿಲ್ಲ, ಬೇಳೆಯೂ ತಳ ಹತ್ತಿತ್ತು. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಮಾರನೆಯ ದಿನ ಬೆಳಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಬಂದು, "ಗುದ್ದಲಿ ಎಲ್ಲಿಟ್ಟಿದ್ದೀಯಾ?" ಎಂದಳು.

ನಮ್ಮದು ಇಳಿಜಾರಿನ ಜಾಗ. ಸುತ್ತ ಕಾಫಿ, ಮೇಲೆ ನೆರಳಿನ ಮರಗಳು. ಬಿಸಿಲು ನೆಲಕ್ಕೆ ಬೀಳುವ ಸಮತಟ್ಟಾದ ಜಾಗ ಎಂದರೆ ಮನೆಯ ಹಿಂದಿನ ಹಿತ್ತಲು ಒಂದೇ. ಅದರಲ್ಲಿ ಒಡೆದ ಹೆಂಚು, ಮುಳ್ಳುಗಿಡ ತುಂಬಿದ್ದವು. ಅಕ್ಕ ಒಂದು ತಿಂಗಳಲ್ಲಿ ಅದನ್ನು ಹಸನು ಮಾಡಿದಳು. ಹೆಂಚಿನ ಚೂರುಗಳನ್ನೇ ಮಡಿಗಳ ಅಂಚಿಗೆ ನಿಲ್ಲಿಸಿದಳು.

ಎಲ್ಲರಂತೆ ಅವಳು ಒಂದೇ ಸಲಕ್ಕೆ ಬಿತ್ತುತ್ತಿರಲಿಲ್ಲ. ನಮ್ಮ ಕಡೆಯವರು ಮಳೆ ಬಿಟ್ಟಿತೆಂದರೆ ಇದ್ದ ಬೀಜವನ್ನೆಲ್ಲ ಒಂದೇ ದಿನ ನೆಲಕ್ಕೆ ಹಾಕುತ್ತಾರೆ. ಆಮೇಲೆ ಹದಿನೈದು ದಿನ ಮನೆ ತುಂಬ ಹುರುಳಿಕಾಯಿ, ಬಂದವರಿಗೆಲ್ಲ ಹುರುಳಿಕಾಯಿ, ದನಕ್ಕೂ ಹುರುಳಿಕಾಯಿ. ಅದಾದ ಮೇಲೆ ಏನೂ ಇಲ್ಲ. ಅಕ್ಕ ಹಾಗಲ್ಲ. ಬೀಜ ಒಣಗಿದ ಕೂಡಲೇ ಅದನ್ನು ಪಾಲು ಮಾಡಿ, ಬೂದಿಯಲ್ಲಿ ಹೊರಳಿಸಿ, ಹಳೇ ಸೀರೆಯ ತುಂಡುಗಳಲ್ಲಿ ಸಣ್ಣ ಸಣ್ಣ ಗಂಟು ಕಟ್ಟುತ್ತಿದ್ದಳು. ಒಂದು ಗಂಟು ಒಂದು ಸಲದ ಬಿತ್ತನೆಗೆ. ಆ ಗಂಟುಗಳನ್ನೆಲ್ಲ ಬಾಳೆನಾರಿನ ಹಗ್ಗಕ್ಕೆ ಪೋಣಿಸಿ ಒಲೆಯ ಮೇಲೆ, ಹೊಗೆ ತಾಗುವಂತೆ ಇಳಿಬಿಡುತ್ತಿದ್ದಳು. ಸಕಲೇಶಪುರದ ಸಂತೆಯೇ ಅವಳ ಲೆಕ್ಕ. ಎರಡು ಸಂತೆ ಕಳೆದ ಮಾರನೆಯ ಬೆಳಗ್ಗೆ ಒಂದು ಗಂಟು ಬಿಚ್ಚುವಳು. ಕೊತ್ತಂಬರಿಯಾದರೆ ನೆಲಕ್ಕೆ ಹಾಕಿ ಹಿಮ್ಮಡಿಯಿಂದ ತಿಕ್ಕಿ ಎರಡು ಹೋಳು ಮಾಡುವಳು. ಹುರುಳಿಕಾಯಿಯ ಮೊದಲ ಸಾಲು ಕಾಯಿ ಕೊಡುವಾಗ ಎರಡನೆಯದು ಹೂವಿನಲ್ಲಿ, ಮೂರನೆಯದು ಎರಡೆಲೆಯಲ್ಲಿ ಇರುತ್ತಿತ್ತು. ನಡುವೆ ಮೂಲಂಗಿ, ದಂಟು, ಮೆಂತ್ಯ. ಇವು ಬೇಗ ಬರುತ್ತವೆ ಎಂದು ಅವುಗಳನ್ನು ಸಂದಿ ತುಂಬಲು ಇಟ್ಟುಕೊಂಡಿದ್ದಳು. ಮಳೆಗಾಲಕ್ಕೆಂದು ಸಾಂಬಾರು ಸೌತೆ ಬೆಳೆದು ಅಟ್ಟದ ತೊಲೆಗೆ ಕಟ್ಟುವಳು. ಆಷಾಢದಲ್ಲಿ ಕೆಸುವಿನ ಎಲೆ, ಕಳಲೆ ಹುಡುಕಿ ತರುವಳು.

"ಇಷ್ಟು ಲೆಕ್ಕ ಯಾಕಕ್ಕ, ಒಂದೇ ಸಲ ಬಿತ್ತಿದ್ರೆ ಕೆಲಸ ಮುಗೀತದಲ್ಲ?" ಎಂದು ನಾನೊಮ್ಮೆ ಕೇಳಿದ್ದೆ.

"ಕೆಲ್ಸ ಮುಗೀಬಾರ್ದು ಕಣೋ," ಎಂದಳು.

ಐದು ವರ್ಷ ನಮ್ಮ ಮನೆಗೆ ಸಂತೆಯಿಂದ ಈರುಳ್ಳಿ, ಆಲೂಗಡ್ಡೆ ಬಿಟ್ಟು ಬೇರೆ ತರಕಾರಿ ಬಂದದ್ದು ಕಡಿಮೆ. ಬೆಳಗ್ಗೆ ಅಕ್ಕ ಮಡಿಲಿನಲ್ಲಿ ಏನಾದರೂ ತುಂಬಿಕೊಂಡು ಅಡುಗೆಮನೆಗೆ ಬರುವಳು. "ತಗಳಮ್ಮ, ಇವತ್ತಿನ ಸಾರು," ಎಂದು ನನ್ನ ಹೆಂಡತಿಯ ಮುಂದೆ ಸುರಿಯುವಳು. ಆ ಮಾತು ಹೇಳುವಾಗ ಅವಳ ಮುಖ ಹೇಗಿರುತ್ತಿತ್ತು ಎಂದು ನಾನು ನೋಡಿದವನಲ್ಲ. ಈಗ ನೆನಪು ಮಾಡಿಕೊಳ್ಳಲು ನೋಡುತ್ತೇನೆ, ಆಗುವುದಿಲ್ಲ.

ಆಮೇಲೆ ಕಾಫಿಗೆ ಬೆಲೆ ಬಂತು. ಆ ವರ್ಷಗಳನ್ನು ಕಂಡವರಿಗೆ ಹೇಳಬೇಕಿಲ್ಲ. ಎರಡು ಎಕರೆಯವನೂ ಎಸ್ಟೇಟಿನ ಧಣಿಯಂತೆ ಮಾತಾಡುತ್ತಿದ್ದ ಕಾಲ. ವ್ಯಾಪಾರಿಗಳು ಜೀಪು ತಂದು ಮನೆಬಾಗಿಲಲ್ಲೇ ನಿಲ್ಲುತ್ತಿದ್ದರು. ನಾವು ಆವರೆಗೆ ಸಗಣಿ ಸಾರಿಸಿದ ಮಣ್ಣಿನ ಕಣದಲ್ಲಿ ಒಣಗಿಸುತ್ತಿದ್ದೆವು. ಅದು ಗೇಟಿನ ಹತ್ತಿರ ಮರದ ನೆರಳಿಗೆ ಸಿಕ್ಕಿಕೊಂಡಿದ್ದ ಚಿಕ್ಕ ಕಣ. ಒಬ್ಬ ವ್ಯಾಪಾರಿ ಒಣಗಿದ ಹಣ್ಣನ್ನು ಅಂಗೈಲಿಟ್ಟು ಮೂಸಿ, "ಮಣ್ಣು ವಾಸ್ನೆ ಬರ್ತದಲ್ರೀ," ಎಂದ. ನನಗೆ ಅದು ನನ್ನನ್ನೇ ಮೂಸಿ ಹೇಳಿದಂತೆ ಆಯಿತು. ಸಿಮೆಂಟು ಕಣ ಮಾಡಿಸಲೇಬೇಕು ಎಂದು ತೀರ್ಮಾನಿಸಿದೆ. ಬಿಸಿಲು ಬೀಳುವ ಜಾಗ ಇದ್ದದ್ದು ಒಂದೇ.

ನಮ್ಮಲ್ಲಿ ದೀಪಾವಳಿ ಕಳೆದ ಮೇಲಿನ ದಿನಗಳು ಅವು. ಹಿತ್ತಲಲ್ಲಿ ಹುರುಳಿಕಾಯಿಯ ಒಂದು ಸಾಲು ಕೊಯ್ಲಿಗೆ ಬಂದಿತ್ತು, ಒಂದು ಹೂ ಬಿಟ್ಟಿತ್ತು, ಒಂದು ಆಗಷ್ಟೇ ಮಣ್ಣು ಸೀಳಿ ಮೇಲೆದ್ದಿತ್ತು. ಅಕ್ಕನಿಗೆ ವಿಷಯ ಹೇಳಿದೆ. ಅವಳು ಬೇಡ ಎನ್ನಲಿಲ್ಲ.

"ಮಾಡ್ಸು. ಕಾಫಿ ಒಣಗ್ದಿದ್ರೆ ಹೆಂಗೆ? ಒಂದು ಹದ್ನೈದು ದಿನ ತಡಿ. ಕೊಟ್ಟಿಗೆ ಮೇಲ್ಗಡೆ ಒಂದು ತುಂಡು ಜಾಗ ಐತಲ್ಲ, ಅಲ್ಲಿ ಎರಡು ಕೊಂಬೆ ಕಡಿಸ್ಕಂಡು ಬಿತ್ಕತೀನಿ. ಅದು ಕಣ್ಣು ಬಿಡೋ ಹೊತ್ಗೆ ಇದ್ರಲ್ಲಿ ಎರಡು ಸಾಲು ಕಿತ್ಕಬೋದು. ನಡುವೆ ಖಾಲಿ ಬೀಳಬಾರ್ದು ನೋಡು, ಅಷ್ಟೆಯಾ."

"ಆಯ್ತಕ್ಕ, ಹದಿನೈದು ದಿನ. ಕೊಂಬೆ ನಾನೇ ಕಡಿಸ್ಕೊಡ್ತೀನಿ," ಎಂದೆ.

ಅವಳು ಎರಡು ದಿನದಲ್ಲಿ ಕೊಟ್ಟಿಗೆಯ ಮೇಲಿನ ಜಾಗ ಅಗೆದಳು. ಅಷ್ಟರಲ್ಲಿ ಆಲೂರಿನ ಹತ್ತಿರ ಇರುವ ನಮ್ಮ ತಂಗಿಗೆ ಕಾಮಾಲೆ ಎಂದು ಸುದ್ದಿ ಬಂತು. ಅಕ್ಕ ಒಂದು ವಾರ ಇದ್ದು ಬರುತ್ತೇನೆ ಎಂದು ಹೊರಟಳು. ಹೋಗುವಾಗ ನನ್ನ ಹೆಂಡತಿಗೆ ಎಳೆ ಸಾಲನ್ನು ತೋರಿಸಿ, "ಸಂಜೆ ಒಂದೇ ಒಂದು ಕೊಡ ಸಾಕು, ಜಾಸ್ತಿ ಹುಯ್ಬ್ಯಾಡ," ಎಂದು ಹೇಳಿಹೋದಳು.

ಅವಳು ಹೋದ ಎರಡನೆಯ ದಿನ ಆನೇಮಹಲ್ಲಿನ ಗಾರೆಯವನು ಬಂದ. ಅವನು ಹಿಡಿದಿದ್ದ ಇನ್ನೊಂದು ಕೆಲಸ ಮುಂದಕ್ಕೆ ಹೋಗಿತ್ತು.

"ಈಗಾದ್ರೆ ಐದು ದಿನದಲ್ಲಿ ಮುಗಿಸ್ಕೊಡ್ತೀನಿ. ಇಲ್ಲಾಂದ್ರೆ ಸಂಕ್ರಾಂತಿ ಕಳೀಬೇಕು. ಕಾಫಿ ಕುಯ್ಲು ನಿಮ್ಗೋಸ್ಕರ ಕಾಯ್ತದಾ ಅಣ್ಣ?"

ನಾನು ಅಕ್ಕನಿಗೆ ಹೇಳಿಕಳಿಸಬಹುದಿತ್ತು. ದಿನಕ್ಕೆ ಎರಡು ಬಸ್ಸಿದ್ದವು. ಕಣವನ್ನು ಅರ್ಧ ಮಾಡಿಸಿ, ಆ ಕಡೆಯ ಎರಡು ಸಾಲನ್ನು ಬಿಡಬಹುದಿತ್ತು. ಗಾರೆಯವನೇ ಹಾಗೆ ಕೇಳಿದ. "ಅಮ್ಮೋರು ಬೆಳೆಸಿರೋದು ಇಷ್ಟು ಚೆನ್ನಾಗೈತೆ. ಈ ಪಕ್ಕ ಬಿಟ್ಕೊಂಡು ಮಾಡನಾ?" ಎಂದ. "ಬೇಡ, ಪೂರ್ತಿ ಮಾಡು. ತರಕಾರಿ ಸಂತೇಲಿ ಸಿಗ್ತದೆ," ಎಂದವನು ನಾನು.

ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡಬಾರದು. ಅವಸರ ಇದ್ದದ್ದು ನಿಜ, ಆದರೆ ಅವಸರ ಒಂದೇ ಅಲ್ಲ. ಅಕ್ಕ ಮನೆಯಲ್ಲಿಲ್ಲದಾಗಲೇ ಮುಗಿದರೆ ಒಳ್ಳೆಯದು ಎಂದು ಒಳಗೆ ಅನಿಸಿತ್ತು. ಅವಳ ಎದುರು ಆ ಸಾಲುಗಳನ್ನು ಕೀಳಿಸುವ ಧೈರ್ಯ ನನಗಿರಲಿಲ್ಲ. ಜೊತೆಗೆ, ಕೈಯಲ್ಲಿ ದುಡ್ಡು ಓಡಾಡುತ್ತಿದ್ದ ಆ ಹೊತ್ತಿನಲ್ಲಿ, ನನ್ನ ಮನೆ ಅಕ್ಕನ ಸೊಪ್ಪಿನಿಂದ ನಡೆಯುತ್ತಿದೆ ಎಂದು ಊರವರು ಹೊಗಳುವುದು ನನಗೆ ಹಿಡಿಸುತ್ತಿರಲಿಲ್ಲ. ಸಂತೆಯಿಂದ ಚೀಲ ತುಂಬ ಕೋಸು, ಕ್ಯಾರೆಟ್ಟು ತರುವ ಯಜಮಾನ ಆಗಬೇಕಿತ್ತು ನನಗೆ.

ಆಳುಗಳು ಗುದ್ದಲಿ ಹಾಕಿದರು. ನನ್ನ ಹೆಂಡತಿ ಓಡಿಬಂದು ಬಲಿತ ಕಾಯಿ ಇದ್ದಷ್ಟನ್ನು ಒಂದು ಮಂಕರಿಗೆ ಕಿತ್ತುಕೊಂಡಳು. ನನ್ನ ಮುಖ ನೋಡಲಿಲ್ಲ. ಹೂವಿನ ಸಾಲು, ಎರಡೆಲೆಯ ಸಾಲು ಎರಡೂ ಮಣ್ಣಿನ ಜೊತೆ ಕೆಳಗಿನ ಕಂದಕಕ್ಕೆ ಹೋದವು. ಮೇಲೆ ಕಲ್ಲು ಬಿತ್ತು, ಜಲ್ಲಿ ಬಿತ್ತು.

ಐದನೆಯ ದಿನ ಮಧ್ಯಾಹ್ನ ಮೇಲ್ಗಾರೆ ನುಣುಪು ಮಾಡಿ, ಆಳುಗಳು ಊಟಕ್ಕೆ ಕೂತಿದ್ದರು. ಬಸ್ಸು ಇಳಿದು ಅಕ್ಕ ಬಂದಳು. ಕೈಯಲ್ಲಿ ಬಟ್ಟೆಚೀಲ, ತಂಗಿಯ ಊರಿನಿಂದ ಅವರೆ ಬೀಜ ತಂದಿದ್ದಳು. ಮನೆಯ ಪಕ್ಕದಿಂದ ಹಿತ್ತಲಿಗೆ ತಿರುಗಿದವಳು ಅಲ್ಲೇ ನಿಂತಳು. ಬೂದುಬಣ್ಣದ ಹಸಿ ಸಿಮೆಂಟು ಬಿಸಿಲಿಗೆ ಹೊಳೆಯುತ್ತಿತ್ತು. ನಾನು ಜಗಲಿಯಲ್ಲಿದ್ದೆ.

"ಕಾಯಿ ಕಿತ್ಕಂಡ್ರಾ?" ಎಂದು ಕೇಳಿದಳು.

"ಬಲಿತಿದ್ದು ಕಿತ್ಕೊಂಡ್ವಿ."

ಅಷ್ಟರಲ್ಲಿ ಕೊಟ್ಟಿಗೆಯಿಂದ ಬಿಡಿಸಿಕೊಂಡ ಕರು ಕುಣಿಯುತ್ತ ಬಂದು ಹಸಿ ಸಿಮೆಂಟಿನ ಮೇಲೆ ಕಾಲಿಟ್ಟಿತು. ನಾನು ಎದ್ದು ಇಳಿಯುವುದರೊಳಗೆ ಅಕ್ಕ ಚೀಲ ಬಿಸುಟು ಓಡಿದಳು. ಅಂಚಿನಲ್ಲೇ ನಿಂತು, ತಾನು ಒಂದು ಹೆಜ್ಜೆಯನ್ನೂ ಸಿಮೆಂಟಿನ ಮೇಲಿಡದೆ, ಕೈಚಾಚಿ ಅದರ ಕೊರಳ ಹಗ್ಗ ಹಿಡಿದು ಎಳೆದುಕೊಂಡಳು. "ಹಾಳು ಮಾಡ್ಬುಟ್ಟೆಯಲ್ಲೇ, ಹೊಸಾದ್ನ," ಎಂದು ಕರುವನ್ನು ಬೈಯುತ್ತ ಕೊಟ್ಟಿಗೆಗೆ ಕರೆದೊಯ್ದು ಕಟ್ಟಿದಳು. ಬಿಸುಟ ಚೀಲದಿಂದ ಅವರೆ ಚೆಲ್ಲಿತ್ತು. ಒಂದೊಂದಾಗಿ ಆರಿಸಿಕೊಂಡು ಒಳಗೆ ಹೋದಳು.

ಆವತ್ತು ಊಟಕ್ಕೆ ಕೂತಾಗ ನಾನು ಸಂತೆಯಿಂದ ತಂದ ಕೋಸಿನ ಸಾರು. ನನ್ನ ಹೆಂಡತಿ ಸೌಟು ಎತ್ತಿದಳು. ಅಕ್ಕ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಳು.

"ಬ್ಯಾಡ ಕಣಮ್ಮ. ಬಸ್ಸಲ್ಲಿ ಬಂದು ಹೊಟ್ಟೆ ತೊಳಸ್ತೈತೆ. ಮಜ್ಜಿಗೇಲಿ ಉಣ್ತೀನಿ."

ಮಾರನೆಯ ದಿನವೂ ಮಜ್ಜಿಗೆ ಅನ್ನ, ಉಪ್ಪಿನಕಾಯಿ. ಅದರ ಮಾರನೆಯ ದಿನವೂ. ನಾನು, "ಅಕ್ಕ, ಈಗ ನಮಗೇನು ಕಮ್ಮಿ ಐತೆ? ಇನ್ನಾದ್ರೂ ಆರಾಮಾಗಿ ಕೂತ್ಕೊಂಡು ಉಣ್ಣು," ಎಂದೆ. ಸಮಾಧಾನ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವಳು ತಲೆ ಎತ್ತದೆ ಅನ್ನ ಕಲಸಿಕೊಂಡಳು.

ಹತ್ತು ದಿನ ಕಳೆದ ಮೇಲೆ ಹೆಂಡತಿಯನ್ನು ಕೇಳಿದೆ, "ಅಕ್ಕಂಗೆ ನನ್ಮೇಲೆ ಇಷ್ಟು ಸಿಟ್ಟಾ? ಸಾರೇ ಮುಟ್ಟಾಕಿಲ್ಲ ಅಂತಾಳೆ."

ಅವಳು ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟಳು.

"ಸಿಟ್ಟಲ್ಲ ಕಣ್ರೀ. ನೀವು ಐದು ವರ್ಷದಿಂದ ಅವ್ರ ಎದುರಿಗೇ ಕೂತು ಉಂಡಿದ್ದೀರ. ಒಂದಿನಾನಾದ್ರೂ ಅವ್ರ ತಟ್ಟೆ ನೋಡಿದ್ದೀರಾ? ಹಿತ್ಲಿಂದ ಏನೂ ಬರ್ದಿದ್ದ ದಿನ ಅತ್ಗೆಮ್ಮ ಯಾವತ್ತೂ ಸಾರು ಹಾಕಿಸ್ಕಂಡಿಲ್ಲ. ಬರೀ ಮಜ್ಜಿಗೆ. ಇಲ್ಲಾಂದ್ರೆ ಉಪ್ಪು, ಒಂದ್ ಹಸಿಮೆಣ್ಸಿನಕಾಯಿ."

"ಯಾಕೆ?"

"ಯಾಕೆ ಅಂತ ನನ್ನ ಕೇಳ್ತೀರಾ? ಅನ್ನ ಮನೇದು, ಸಾರು ನಿಂದು ಅಂತ ಯಾರು ಹೇಳಿದ್ದು?"

ಅವಳು ಮೊರ ಎತ್ತಿಕೊಂಡಳು. ನನಗೆ ಆಗ ಅಕ್ಕನ ಗಂಟುಗಳ ಹಗ್ಗ, ಸಂತೆಯ ಲೆಕ್ಕ, ನಡುವೆ ಖಾಲಿ ಬೀಳಬಾರದು ಎಂದದ್ದು, ಹದಿನೈದು ದಿನ ಕೇಳಿದ್ದು ಎಲ್ಲ ಒಟ್ಟಿಗೆ ಅರ್ಥವಾಯಿತು. ನಾವು ಅದನ್ನು ಜಾಣತನ ಎಂದು ತಿಳಿದಿದ್ದೆವು. ನಮ್ಮ ಮನೆಯಲ್ಲಿ ತಲೆ ಎತ್ತಿ ಊಟಕ್ಕೆ ಕೂರಲು ಅವಳು ಅಷ್ಟು ಲೆಕ್ಕ ಹಾಕುತ್ತಿದ್ದಳು.

ಕೊಟ್ಟಿಗೆಯ ಮೇಲ್ಗಡೆಯ ಜಾಗದಲ್ಲಿ ಬಿತ್ತಿದ್ದು ನೆರಳಿಗೆ ಬಳುಕಿ ಉದ್ದ ಬೆಳೆಯಿತು, ಕಾಯಿ ಕಟ್ಟಲಿಲ್ಲ. ಕೊಂಬೆ ಕಡಿಸಿಕೊಡುತ್ತೇನೆ ಎಂದಿದ್ದೆ. ಕಾಫಿ ಕೊಯ್ಲು ಹಿಡಿದುಕೊಂಡಿತು, ಆಳು ಬಿಡುವಾಗಲಿಲ್ಲ. ಇದು ಎರಡನೆಯ ಮಾತು ತಪ್ಪಿದ್ದು. ಸಂಕ್ರಾಂತಿ ಕಳೆದ ಮೇಲೆ ಅಕ್ಕ, "ತಂಗಿ ಇನ್ನೂ ಸುಧಾರಿಸ್ಕಂಡಿಲ್ಲ. ಒಂದಷ್ಟು ದಿನ ಇದ್ದು ಬರ್ತೀನಿ," ಎಂದು ಟ್ರಂಕು ತುಂಬಿದಳು. ಒಂದಷ್ಟು ದಿನಕ್ಕೆ ಯಾರೂ ಟ್ರಂಕು ಒಯ್ಯುವುದಿಲ್ಲ. ಒಲೆಯ ಮೇಲಿನ ಹಗ್ಗ ಇಳಿಸಿಕೊಂಡಳು. ಮೂರು ಗಂಟುಗಳನ್ನು ಮಾತ್ರ ಅದರಿಂದ ಬಿಡಿಸಿ, ಹಗ್ಗ ಕಟ್ಟಿದ್ದ ಮೊಳೆಗೆ ಸಿಕ್ಕಿಸಿ, "ಇಷ್ಟಿರ್ಲಿ, ಬಿತ್ಕಳಮ್ಮ," ಎಂದು ನನ್ನ ಹೆಂಡತಿಗೆ ಹೇಳಿದಳು. ಬಿತ್ತಲು ಜಾಗ ಎಲ್ಲಿತ್ತು? ನಾನು ಟ್ರಂಕು ಹೊತ್ತು ಬಸ್ಸಿನವರೆಗೆ ಹೋದೆ.

ಮೊದಲ ಸಲ ಕರೆತರಲು ಹೋದಾಗ ನಾನು ಮಾಡಿದ ಕೆಲಸ ನೋಡಿ: ಸಕಲೇಶಪುರದ ಸಂತೆಯಲ್ಲಿ ಎರಡು ಕೈಚೀಲ ತುಂಬ ತರಕಾರಿ ಕೊಂಡು ಒಯ್ದೆ. ಅಕ್ಕ ತಂಗಿಯ ಮನೆಯ ಹಿತ್ತಲಲ್ಲಿದ್ದಳು. ಆಲೂರಿನ ಆ ಕಡೆ ನೆಲ ಬಯಲು, ಬಿಸಿಲಿಗೆ ಬರವಿಲ್ಲ. ನಾಲ್ಕು ಮಡಿ ಆಗಲೇ ಎದ್ದಿದ್ದವು. ಚೀಲ ನೋಡಿ ನಕ್ಕಳು.

"ಹಿತ್ಲಿಗೆ ತರಕಾರಿ ತಂದಿದ್ದೀಯಲ್ಲೋ ಮಾರಾಯ."

"ಮನೆಗೆ ಹೋಗಾನ ಬಾರಕ್ಕ."

"ಬರ್ತೀನಿ ಕಣೋ. ಈ ಸಾಲು ಕೈಗೆ ಬರ್ಲಿ. ಬಿಟ್ಟು ಬಂದ್ರೆ ತಂಗಿ ಕೀಳಾಕಿಲ್ಲ, ಬಲಿತು ಹೋಯ್ತದೆ."

ಎರಡು ತಿಂಗಳು ಬಿಟ್ಟು ಹೋದೆ. ಆ ಸಾಲು ಮುಗಿದಿತ್ತು. ಅದರ ಪಕ್ಕದ್ದು ಹೂವಿನಲ್ಲಿತ್ತು. "ಇದೊಂದು ಮುಗೀಲಿ," ಎಂದಳು. ಮತ್ತೆ ಹೋದಾಗ ಇನ್ನೊಂದು ಎರಡೆಲೆಯಲ್ಲಿತ್ತು. ಯಾವತ್ತೂ ಮುಗಿಯದ ಹಾಗೆ ಬಿತ್ತುವವಳಿಗೆ, ಮುಗಿದ ಮೇಲೆ ಬಾ ಎಂದು ನಾನು ಕಾಯುತ್ತಿದ್ದೆ. ಅದು ಅವಳು ಬರುವುದಿಲ್ಲ ಎಂದು ಹೇಳುವ ರೀತಿ ಎಂದು ನನಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳಿ ನನ್ನನ್ನು ನೋಯಿಸಲಾರಳು. ನಾನು ತಪ್ಪಾಯಿತು ಎಂದಿದ್ದರೆ ಏನಾಗುತ್ತಿತ್ತೋ ತಿಳಿಯದು. ಏಳೆಂಟು ವರ್ಷ ಹೋಗಿಬಂದೆ; ಕಾಫಿಯ ಬೆಲೆ ಇಳಿದದ್ದನ್ನು ಹೇಳಿದೆ, ಹಸು ಕರು ಹಾಕಿದ್ದನ್ನು ಹೇಳಿದೆ, ಹೆಣ್ಣುಮಕ್ಕಳ ಮದುವೆಗೆ ಕರೆದೆ. ಮದುವೆಗಳಿಗೆ ಬಂದಳು, ಚಪ್ಪರದಲ್ಲಿ ಉಂಡಳು, ಸಂಜೆಯ ಬಸ್ಸಿಗೆ ಹೊರಟಳು. ಆ ಒಂದು ಮಾತು ಮಾತ್ರ ಪ್ರತಿ ಸಲ ಆಲೂರಿನ ಬಸ್ ನಿಲ್ದಾಣದವರೆಗೆ ನನ್ನ ಜೊತೆ ಬಂದು, ಹಾಗೇ ನನ್ನ ಜೊತೆ ವಾಪಸ್ಸು ಹೋಯಿತು.

ಕೊನೆಯ ಸಲ ಹೋದಾಗ ಅಕ್ಕ ಮಲಗಿದ್ದಳು. ಉಸಿರಿನ ತೊಂದರೆ. ತಂಗಿ ನಮಗಿಬ್ಬರಿಗೆ ಜಾಗ ಬಿಟ್ಟು ಹೊರಗೆ ಹೋದಳು. ಅಕ್ಕ ಕೇಳಿದಳು, "ಕರುವಿನ ಹೆಜ್ಜೆ ಇನ್ನೂ ಐತೇನೋ ಕಣದಲ್ಲಿ?"

"ಐತೆ ಅಕ್ಕ."

"ಮುಚ್ಚಿಸ್ಬಾರ್ದಾಗಿತ್ತಾ? ಕಾಫಿ ಸಿಗಾಕ್ಕತದಲ್ಲ."

ಅವಳು ನನಗೆ ಬಾಗಿಲು ತೆರೆದು ಕೊಟ್ಟಳು ಎಂದೇ ಈಗಲೂ ನಂಬಿದ್ದೇನೆ. ಒಳಗೆ ಹೋಗಿ ಕಾಲು ಹಿಡಿಯಬಹುದಿತ್ತು. ನಾನು, "ಮುಚ್ಚಿಸ್ತೀನಿ," ಎಂದೆ. ಅವಳು ಕಣ್ಣು ಮುಚ್ಚಿಕೊಂಡಳು. ಹದಿನಾರು ದಿನಕ್ಕೆ ಸುದ್ದಿ ಬಂತು. ಮಣ್ಣು ಮಾಡಿ ಬರುವಾಗ ತಂಗಿಯ ಹಿತ್ತಲಲ್ಲಿ ಮೂರು ಸಾಲು ಇದ್ದವು: ಒಂದು ಕಾಯಿ, ಒಂದು ಹೂವು, ಒಂದು ಎರಡೆಲೆ.

ಆ ವರ್ಷ ಮಳೆ ಬಿಟ್ಟ ಮೇಲೆ ಹಾರೆ ತೆಗೆದುಕೊಂಡು ಕಣದ ಒಂದು ಬದಿಯನ್ನು, ಗೊರಸಿನ ಗುರುತು ಬಿಟ್ಟು, ಒಡೆದೆ. ಕೆಳಗಿನ ಕಲ್ಲು ಕಿತ್ತೆ. ಮಣ್ಣು ಬೆಳ್ಳಗೆ ಸತ್ತಂತಿತ್ತು. ಗೊಬ್ಬರ ಹಾಕಿ ಕಲಸಿ, ಮೊಳೆಯಲ್ಲಿದ್ದ ಅಕ್ಕನ ಮೂರು ಗಂಟು ಬಿಚ್ಚಿದೆ. ಹೊಗೆ ಹಿಡಿದು ಬಟ್ಟೆ ಕಪ್ಪಾಗಿತ್ತು. ಮೂರನ್ನೂ ಒಂದೇ ದಿನ ಬಿತ್ತಿದೆ. ಅಷ್ಟು ವರ್ಷ ಅವಳನ್ನು ನೋಡಿದವನು, ಒಂದನ್ನಾದರೂ ಉಳಿಸಿಕೊಳ್ಳಬೇಕೆಂದು ಆಗಲೂ ಹೊಳೆಯಲಿಲ್ಲ. ದಿನವೂ ನೀರು ಹಾಕಿದೆ. ಒಂದೂ ಹುಟ್ಟಲಿಲ್ಲ. ಕೆದಕಿ ನೋಡಿದರೆ ಬೀಜ ಒಳಗೇ ಹಿಟ್ಟಾಗಿತ್ತು.

ಆಮೇಲೆ ಪೇಟೆಯಿಂದ ಬೀಜದ ಪೊಟ್ಟಣ ತಂದೆ. ಎರಡು ಸಂತೆಗೊಂದು ಸಾಲು ಎಂದು ಈಗಲೂ ಬಿತ್ತುತ್ತೇನೆ. ನನಗೆ ಅದು ಸರಿಯಾಗಿ ಬರಲಿಲ್ಲ. ಸೊಂಟ ನೋವೆಂದು ಒಂದು ಸರದಿ ತಪ್ಪುತ್ತದೆ, ಎರಡು ತಿಂಗಳ ಮೇಲೆ ಹತ್ತು ದಿನ ಖಾಲಿ ಬೀಳುತ್ತದೆ. ಖಾಲಿ ಬಿದ್ದ ದಿನ ನಾನೂ ಮಜ್ಜಿಗೆಯಲ್ಲಿ ಉಣ್ಣಲು ಶುರುಮಾಡಿದೆ. ಹೆಂಡತಿ ಕೆಲವು ದಿನ ನೋಡಿದಳು. ಒಂದು ಮಧ್ಯಾಹ್ನ, ನಾನು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಾಗ, ಸೌಟನ್ನು ಅಲ್ಲೇ ಗಾಳಿಯಲ್ಲಿ ನಿಲ್ಲಿಸಿದಳು.

"ಅವ್ರು ನಿಮ್ಮ ಮಾತಿಗೆ ಬಿಟ್ರು. ನಿಮಗೆ ಯಾರು ಏನಂದ್ರು ಅಂತ ಬಿಡ್ತೀರಾ? ಕೈ ತೆಗೀರಿ."

"ಬೇಡ ಅಂದ್ನಲ್ಲ."

"ತೆಗೀರಿ ಅಂದ್ರೆ."

ಬೆರಳ ಸಂದಿಯಲ್ಲೇ ಸುರಿದಳು. ಬಿಸಿಗೆ ಕೈ ಎಳೆದುಕೊಂಡೆ. ಇನ್ನೊಂದು ಸೌಟು ಹಾಕಿದಳು. ನಾನು ಉಂಡೆ. ಉಣ್ಣುತ್ತಿರುವಾಗ ಅಕ್ಕನ ಕೈ ನೆನಪಾಯಿತು. ನಮ್ಮಲ್ಲಿ ಬಂದ ನೆಂಟರು ಬೇಡ ಎಂದು ಎಲೆಯ ಮೇಲೆ ಕೈ ಹಿಡಿದರೆ ಬಿಡುತ್ತೇವೆಯೇ? ಕೈ ಸರಿಸಿ ಬಡಿಸುತ್ತೇವೆ. ಹಾಗೆ ಒತ್ತಾಯ ಮಾಡದಿದ್ದರೆ ಅದು ಬಡಿಸಿದ ಹಾಗೇ ಅಲ್ಲ. ಅಕ್ಕ ಬೇಡ ಎಂದಾಗ ಮಾತ್ರ ನಾವು ಪ್ರತಿ ಸಲ, ಅವಳ ಮಾತನ್ನೇ ನಂಬಿದವರಂತೆ, ಸೌಟನ್ನು ಪಾತ್ರೆಯೊಳಗೆ ಇಳಿಸಿದ್ದೆವು.